ಮನೆಯಂಗಳದ ಬೆಂಡೆ

ಬೆಂಡೆ ಮಾಲ್ವೇಸೀ ಕುಟುಂಬಕ್ಕೆ ಸೇರಿದ ತರಕಾರಿ ಗಿಡ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅಬೆಲ್ಮಾಸ್ಕಸ್ ಎಸ್ಕ್ಯುಲೆಂಟಸ್. ದಾಸವಾಳ, ಹತ್ತಿ, ಪುಂಡಿ, ಹೂವರಸಿ ಇವೆಲ್ಲ ಇದರ ನೆಂಟರು. ಜವಾರಿ ಹತ್ತಿಯ ಹೂವನ್ನೂ ಬೆಂಡೆಯ ಹೂವನ್ನೂ ಒಂದೇ ಅಂಗೈಯಲ್ಲಿಟ್ಟು ನೋಡಿದರೆ ಈ ನಂಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಐದು ಎಸಳು, ಅದೇ ತಿಳಿಹಳದಿ, ಬುಡದಲ್ಲಿ ಅದೇ ಕಡುಗೆಂಪು, ನಡುವೆ ಕೇಸರಗಳೆಲ್ಲ ಕೂಡಿ ನಿಂತ ಒಂದೇ ಕಂಬ. ಗಿಡ 1ರಿಂದ 2 ಮೀಟರ್ ಎತ್ತರ ಬೆಳೆಯುತ್ತದೆ. ಎಲೆ ಅಗಲ, ಬೆರಳು ಚಾಚಿದ ಅಂಗೈಯಂತೆ ಸೀಳಿರುತ್ತದೆ. ಎಲೆಯ ಕಂಕುಳಲ್ಲಿ ಒಂದೊಂದೇ ಹೂ ಬಿಡುತ್ತದೆ. ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಅದಾದ ಆರನೆಯ ದಿನಕ್ಕೆ ಅಡುಗೆಗೆ ಕಾಯಿ ಸಿದ್ಧ, ಹತ್ತನೆಯ ದಿನಕ್ಕೆ ಅದೇ ಕಾಯಿ ನಾರು.

ಮನೆಯಲ್ಲಿ ಬೆಂಡೆ ಬೆಳೆಯುವುದಕ್ಕೆ ಈ ಲೆಕ್ಕವೇ ದೊಡ್ಡ ಕಾರಣ. ಟೊಮ್ಯಾಟೊ, ಬದನೆ, ಕುಂಬಳಗಳನ್ನು ಪೇಟೆಯಿಂದ ತಂದರೂ ರುಚಿಯಲ್ಲಿ ಅಷ್ಟೇನೂ ನಷ್ಟವಿಲ್ಲ. ಬೆಂಡೆಯ ಎಳೆತನ ಮಾತ್ರ ಗಿಡದ ಮೇಲೆ ಎರಡು ದಿನ, ಕೊಯ್ದ ಮೇಲೆ ಇನ್ನೆರಡು ದಿನ ಇರುತ್ತದೆ. ಸಂತೆಯಲ್ಲಿ ಜನ ಬೆಂಡೆಯ ತುದಿಯನ್ನು ಚಿಟಕ್ಕನೆ ಮುರಿದು ನೋಡುವುದೂ, ಮಾರುವವರು ಅದಕ್ಕೆ ಸಿಡುಕುವುದೂ ಇದೇ ಕಾರಣಕ್ಕೆ. ಹಿತ್ತಿಲಲ್ಲಿ ಇಪ್ಪತ್ತು ಗಿಡ ಇದ್ದವರಿಗೆ ಆ ಪರೀಕ್ಷೆಯೇ ಬೇಡ.

ಹೆಸರು ಮತ್ತು ಹುಟ್ಟು

ಕನ್ನಡ, ತುಳು ಎರಡರಲ್ಲೂ ಇದು ಬೆಂಡೆ. ತೆಲುಗಿನಲ್ಲಿ ಬೆಂಡ, ತಮಿಳಿನಲ್ಲಿ ವೆಂಡೈ, ಮಲಯಾಳದಲ್ಲಿ ವೆಂಡ. ನಮ್ಮ ಬೇರು ತಮಿಳರ ವೇರ್ ಆಗುವ, ನಮ್ಮ ಬಿಲ್ಲು ಅವರ ವಿಲ್ ಆಗುವ ನಿಯಮಕ್ಕೇ ಈ ಮಾತೂ ಒಳಪಟ್ಟಿದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇದು ಬೆಂಡಿಕಾಯಿ. ಹಿಂದಿಯ ಭಿಂಡಿ, ಕೊಂಕಣಿಯ ಭೇಂಡೆ ಕೂಡ ಕಿವಿಗೆ ದೂರದವಲ್ಲ. ಇಂಗ್ಲಿಷಿನ ಓಕ್ರಾ ಬಂದದ್ದು ಪಶ್ಚಿಮ ಆಫ್ರಿಕದ ಇಗ್ಬೊ ಭಾಷೆಯಿಂದ. ಅಮೆರಿಕದ ದಕ್ಷಿಣದಲ್ಲಿ ಪ್ರಸಿದ್ಧವಾದ ಗಂಬೊ ಎಂಬ ಹೆಸರಿನ ಬೇರು ಮಧ್ಯ ಆಫ್ರಿಕದ ಬಂಟು ಭಾಷೆಗಳಲ್ಲಿದೆ. ಅಬೆಲ್ಮಾಸ್ಕಸ್ ಎಂಬ ಶಾಸ್ತ್ರೀಯ ಹೆಸರಿನ ಮೂಲ ಅರಬ್ಬಿ. ಕಸ್ತೂರಿಯ ಪರಿಮಳಕ್ಕೆ ಸಂಬಂಧಿಸಿದ ಹೆಸರು ಅದು. ಆ ಪರಿಮಳ ಇರುವುದು ನಮ್ಮ ಬೆಂಡೆಗಲ್ಲ, ಇದೇ ಕುಲದ ಕಸ್ತೂರಿಬೆಂಡೆಯ ಬೀಜಕ್ಕೆ. ಸುಗಂಧದ್ರವ್ಯದವರು ಇಂದಿಗೂ ಆ ಬೀಜವನ್ನು ಹುಡುಕಿಕೊಂಡು ಬರುತ್ತಾರೆ.

ಬೆಂಡೆ ಹುಟ್ಟಿದ್ದು ಇಥಿಯೋಪಿಯಾದ ಕಡೆಯೋ ಭಾರತದಲ್ಲೋ ಎಂಬ ವಾದ ಇನ್ನೂ ತೀರಿಲ್ಲ. ಭಾರತದ ಪರವಾಗಿ ನಿಲ್ಲುವ ಸಾಕ್ಷ್ಯ ವರ್ಣತಂತುಗಳ ಎಣಿಕೆಯಲ್ಲಿದೆ. ಬೆಂಡೆಯ ಜೀವಕೋಶದಲ್ಲಿ ಸಾಮಾನ್ಯವಾಗಿ 130 ವರ್ಣತಂತುಗಳಿರುತ್ತವೆ. ಭಾರತದಲ್ಲಿ ತಾನಾಗಿ ಬೆಳೆಯುವ ಅಬೆಲ್ಮಾಸ್ಕಸ್ ಟ್ಯುಬರ್‌ಕ್ಯುಲೇಟಸ್ ಎಂಬ ಕಾಡುಬೆಂಡೆಯಲ್ಲಿ 58 ಇವೆ. ಎ. ಬಿ. ಜೋಶಿ ಮತ್ತು ಎಂ. ಡಬ್ಲ್ಯು. ಹಾರ್ಡಸ್ ಎಂಬ ವಿಜ್ಞಾನಿಗಳು 1956ರಲ್ಲಿ, ನಾವು ಬೆಳೆಯುವ ಬೆಂಡೆ ಒಂದೇ ಮೂಲದ್ದಲ್ಲ, ಎರಡು ಜಾತಿಗಳು ಕೂಡಿ ಆದದ್ದು, ಅದರಲ್ಲಿ ಒಂದು ಪಾಲು ಈ ಕಾಡುಬೆಂಡೆಯದು ಎಂದು ತೋರಿಸಿದರು. ಇನ್ನೊಂದು ಪಾಲು 72 ವರ್ಣತಂತುಗಳ ಅಬೆಲ್ಮಾಸ್ಕಸ್ ಫಿಕುಲ್ನಿಯಸ್ ಇರಬಹುದೆಂಬ ಊಹೆಯಿದೆ. 58 ಮತ್ತು 72 ಕೂಡಿದರೆ 130. ಲೆಕ್ಕ ಚೆನ್ನಾಗಿ ಕೂಡುತ್ತದೆ, ಆದರೆ ಲೆಕ್ಕ ಕೂಡಿದ ಮಾತ್ರಕ್ಕೆ ಊಹೆ ನಿಜವಾಗುವುದಿಲ್ಲ. ಪಶ್ಚಿಮ ಆಫ್ರಿಕದಲ್ಲಿ ಅಬೆಲ್ಮಾಸ್ಕಸ್ ಕೈಲ್ಲೀ ಎಂಬ ಬೇರೊಂದು ಬೆಂಡೆಯನ್ನೂ ಬೆಳೆದು ತಿನ್ನುತ್ತಾರೆ ಎಂಬುದು ಈ ಚರ್ಚೆಯನ್ನು ಇನ್ನಷ್ಟು ಸಿಕ್ಕಾಗಿಸಿದೆ.

ಬರಹದಲ್ಲಿ ಸಿಗುವ ಹಳೆಯ ವರ್ಣನೆಗಳಲ್ಲೊಂದು 1216ರಲ್ಲಿ ಈಜಿಪ್ಟಿಗೆ ಹೋಗಿದ್ದ ಸ್ಪೇನಿನ ಅರಬ್ ಸಸ್ಯತಜ್ಞನದು. ಅಲ್ಲಿಯ ಜನ ಎಳೆಕಾಯಿಯನ್ನು ಹಿಟ್ಟಿನೊಡನೆ ತಿನ್ನುತ್ತಿದ್ದರು ಎಂದು ಅವನು ಬರೆದಿದ್ದಾನೆ. ಅಟ್ಲಾಂಟಿಕ್ ದಾಟಿದ್ದು ಗುಲಾಮರ ಹಡಗುಗಳ ಜೊತೆಗೆ. 1658ರ ಹೊತ್ತಿಗೆ ಬ್ರೆಜಿಲ್‌ನಲ್ಲಿ ಬೆಂಡೆ ಇತ್ತು. ಮನೆ, ಭಾಷೆ, ಹೆಸರು ಎಲ್ಲವನ್ನೂ ಕಳೆದುಕೊಂಡ ಜನ ಹೊಸ ಖಂಡದಲ್ಲಿ ಉಳಿಸಿಕೊಂಡ ಕೆಲವೇ ರುಚಿಗಳಲ್ಲಿ ಇದೂ ಒಂದು. ಇಂದು ಜಗತ್ತಿನ ಬೆಂಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಭಾರತ, ವರ್ಷಕ್ಕೆ ಸುಮಾರು 60 ಲಕ್ಷ ಟನ್. ನೈಜೀರಿಯ ಎರಡನೆಯದು.

ತಳಿಗಳು

ಬೆಂಡೆಯ ತಳಿಗಳ ಕಥೆಯೆಂದರೆ ಬಹುಮಟ್ಟಿಗೆ ಹಳದಿ ನಂಜಿನ ವಿರುದ್ಧ ನಡೆದ ಹೋರಾಟದ ಕಥೆ. ಎಲೆಯ ನರಗಳು ಮೊದಲು ಹಳದಿಯಾಗಿ, ಆಮೇಲೆ ಇಡೀ ಎಲೆ, ಕೊನೆಗೆ ಕಾಯಿಯೂ ಬಿಳಿಚಿಕೊಂಡು ಗಿಡ ಕುಗ್ಗುವ ಈ ವೈರಸ್ ರೋಗ 1924ರಲ್ಲಿ ಆಗಿನ ಮುಂಬಯಿ ಪ್ರಾಂತ್ಯದಿಂದ ಮೊದಲು ವರದಿಯಾಯಿತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಹರಭಜನ್ ಸಿಂಗ್ ಮತ್ತು ಸಂಗಡಿಗರು ರೂಪಿಸಿದ ಪೂಸಾ ಸಾವನಿ 1960ರ ದಶಕದಲ್ಲಿ ದೇಶವನ್ನೆಲ್ಲ ಆವರಿಸಿತು, ಅದಕ್ಕೆ ನಂಜನ್ನು ತಾಳುವ ಶಕ್ತಿಯಿತ್ತು. ಕೆಲವು ವರ್ಷಗಳಲ್ಲಿ ಆ ಶಕ್ತಿ ಕುಂದಿತು. ಆಗ ತಳಿವಿಜ್ಞಾನಿಗಳು ಕಾಡುನೆಂಟನಾದ ಅಬೆಲ್ಮಾಸ್ಕಸ್ ಮ್ಯಾನಿಹಾಟ್ ಕಡೆಗೆ ತಿರುಗಿದರು. ಅದರೊಡನೆ ಸಂಕರ ಮಾಡಿ ಮಹಾರಾಷ್ಟ್ರದ ಪರ್ಭಣಿಯ ಕೃಷಿ ವಿಶ್ವವಿದ್ಯಾಲಯ ಪರ್ಭಣಿ ಕ್ರಾಂತಿಯನ್ನೂ, ಬೆಂಗಳೂರಿನ ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಅನಾಮಿಕಾ, ಅರ್ಕಾ ಅಭಯ ತಳಿಗಳನ್ನೂ ತಂದವು.

ಅರ್ಕಾ ಅನಾಮಿಕಾ ಕರ್ನಾಟಕದ ಮನೆತೋಟಕ್ಕೆ ಇಂದಿಗೂ ಒಳ್ಳೆಯ ಆಯ್ಕೆ. 130 ದಿನಗಳ ಬೆಳೆ, ಹೆಕ್ಟೇರಿಗೆ 20 ಟನ್ ಇಳುವರಿ ಎಂದು ಸಂಸ್ಥೆ ಹೇಳುತ್ತದೆ. ಹಿತ್ತಿಲಿನ ಭಾಷೆಗೆ ತಿರುಗಿಸಿದರೆ ಗಿಡಕ್ಕೆ 300ರಿಂದ 400 ಗ್ರಾಂ, ಅಂದರೆ ಇಪ್ಪತ್ತು ಇಪ್ಪತ್ತೈದು ಕಾಯಿ. ನಾಲ್ಕು ಜನರ ಮನೆಯಲ್ಲಿ ಒಂದು ಹೊತ್ತಿನ ಪಲ್ಯಕ್ಕೆ ಕಾಲು ಕಿಲೋ ಬೆಂಡೆ ಬೇಕು. ಒಂದೆರಡು ಗಿಡ ನೆಟ್ಟು ಬೇಸರಪಟ್ಟವರು ಈ ಲೆಕ್ಕ ಹಾಕಿರುವುದಿಲ್ಲ. ಹದಿನೈದು ಗಿಡಕ್ಕಿಂತ ಕಡಿಮೆಯಾದರೆ ಒಂದು ದಿನಕ್ಕೆ ನಾಲ್ಕು ಕಾಯಿ ಸಿಕ್ಕಿ, ಮೊದಲ ಕಾಯಿ ಬಾಡುವ ಹೊತ್ತಿಗೆ ಕೊನೆಯ ಕಾಯಿ ಕೈಸೇರುತ್ತದೆ.

ಕರಾವಳಿಯ ಊರ ಬೆಂಡೆಗೆ ಇಲ್ಲಿ ಬೇರೆಯೇ ಜಾಗ ಕೊಡಬೇಕು. ದಕ್ಷಿಣ ಕನ್ನಡ, ಉಡುಪಿಯ ಕಡೆ ಮಳೆಗಾಲದಲ್ಲಿ ಬೆಳೆಯುವ ಇದರ ಕಾಯಿ ತಿಳಿಹಸಿರು, ಕೆಲವು ಕಡೆ ಹೆಚ್ಚುಕಡಿಮೆ ಬಿಳಿ. ಹಾಲುಬೆಂಡೆ ಎಂಬ ಹೆಸರು ಬಣ್ಣದಿಂದಲೇ ಬಂದದ್ದು. ಅಂಗಡಿಯ ಬೆಂಡೆಗೆ ಐದು ಏಣಾದರೆ ಇದಕ್ಕೆ ಏಳೋ ಎಂಟೋ. ಗೇಣುದ್ದ ಬೆಳೆದರೂ ನಾರಾಗದಿರುವುದು ಇದರ ದೊಡ್ಡ ಗುಣ. ಅಷ್ಟಮಿ, ಚೌತಿಯ ಹೊತ್ತಿಗೆ ಮಂಗಳೂರಿನ ಮಾರುಕಟ್ಟೆಯಲ್ಲಿ ಜನ ಮಾಮೂಲಿ ಬೆಂಡೆಗಿಂತ ಹೆಚ್ಚು ಬೆಲೆ ಕೊಟ್ಟು ಇದನ್ನು ಒಯ್ಯುತ್ತಾರೆ. ವಾರಾಣಸಿಯ ತರಕಾರಿ ಸಂಶೋಧನಾ ಸಂಸ್ಥೆಯ ಕಾಶಿ ಲಾಲಿಮಾದಂಥ ಕೆಂಪು ಬೆಂಡೆಗಳೂ ಈಗ ತಾರಸಿ ತೋಟಗಳಿಗೆ ಬಂದಿವೆ. ನೋಡಲು ಚೆಂದ, ಆದರೆ ಬಾಣಲೆಗೆ ಬಿದ್ದ ಕೂಡಲೇ ಕೆಂಪು ಮಾಯವಾಗಿ ಎಲ್ಲವೂ ಹಸಿರಾಗುತ್ತದೆ.

ಬಿತ್ತುವುದು, ಬೆಳೆಸುವುದು

ಬೆಂಡೆ ಬಿಸಿಲಿನ ಗಿಡ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳದ ಜಾಗದಲ್ಲಿ ಬಿತ್ತಿದರೆ ಗಿಡ ಉದ್ದುದ್ದ ಬೆಳೆದು ಕಾಯಿ ಕಡಿಮೆ ಬಿಡುತ್ತದೆ. ಬಯಲುಸೀಮೆಯಲ್ಲಿ ಜನವರಿ ಕೊನೆಯಿಂದ ಬೇಸಿಗೆಯ ಬೆಳೆ, ಜೂನ್ ಜುಲೈಯಲ್ಲಿ ಮುಂಗಾರಿನ ಬೆಳೆ. ಡಿಸೆಂಬರ್ ಚಳಿಯಲ್ಲಿ ಬಿತ್ತಿದ ಬೀಜ ಮಣ್ಣಿನಲ್ಲೇ ಮಲಗಿಬಿಡುತ್ತದೆ, 17 ಡಿಗ್ರಿಗಿಂತ ಕೆಳಗೆ ಬೆಂಡೆ ಮೊಳೆಯುವುದಿಲ್ಲ. ಕರಾವಳಿಯಲ್ಲಿ ಮಳೆ ಹಿಡಿಯುವ ಮುಂಚೆಯೇ ಏರುಮಡಿ ಮಾಡಿ, ಸುಡುಮಣ್ಣು, ಬೂದಿ, ಹಟ್ಟಿಗೊಬ್ಬರ ಸೇರಿಸಿ ಬೀಜ ಹಾಕುತ್ತಾರೆ. ಜಡಿಮಳೆಯಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಂಡರೆ ಅರ್ಧ ಕೆಲಸ ಆದಂತೆ.

ಬೀಜದ ಸಿಪ್ಪೆ ಗಟ್ಟಿ. ಹಿಂದಿನ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ತೇಲಿದ ಜೊಳ್ಳನ್ನು ಎಸೆದು, ಮುಳುಗಿದ್ದನ್ನು ಬೆಳಿಗ್ಗೆ ಬಿತ್ತಬೇಕು. ಪೊಟ್ಟಣದ ಬೀಜಕ್ಕೆ ಬಣ್ಣ ಹಚ್ಚಿದ್ದರೆ ಅದು ಶಿಲೀಂಧ್ರನಾಶಕದ ಲೇಪ. ಅದನ್ನು ಮುಟ್ಟಿದ ಕೈ ತೊಳೆಯಬೇಕು, ಮಕ್ಕಳ ಕೈಗೆ ಕೊಡಬಾರದು. ಒಂದು ಗುಳಿಗೆ ಎರಡು ಬೀಜ, ಬೆರಳಿನ ಒಂದು ಗೆಣ್ಣಿನಷ್ಟು ಆಳ, ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ. ಬೆಚ್ಚಗಿನ ದಿನಗಳಲ್ಲಿ ನಾಲ್ಕರಿಂದ ಏಳು ದಿನಕ್ಕೆ ಮೊಳಕೆ ಬರುತ್ತದೆ. ಎರಡೂ ಬಂದರೆ ಬಲಹೀನವಾದುದನ್ನು ಕೀಳದೆ ಕತ್ತರಿಸಬೇಕು. ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ. ಬೆಂಡೆಯ ತಾಯಿಬೇರು ನೇರ ಕೆಳಗಿಳಿಯುವಂಥದ್ದು, ಒಮ್ಮೆ ಕಿತ್ತು ಇನ್ನೊಂದು ಕಡೆ ನೆಟ್ಟರೆ ಮುನಿಸಿಕೊಳ್ಳುತ್ತದೆ. ಅದಕ್ಕೇ ಬದನೆ, ಮೆಣಸಿನಂತೆ ಸಸಿ ಮಾಡಿ ನಾಟಿ ಮಾಡುವ ಕ್ರಮ ಇದಕ್ಕಿಲ್ಲ. ಬೆಳೆಯಬೇಕಾದ ಜಾಗದಲ್ಲೇ ಬೀಜ ಹಾಕುವುದು ಒಳ್ಳೆಯದು.

ತಾರಸಿಯಲ್ಲಾದರೆ ಗಿಡವೊಂದಕ್ಕೆ ಒಂದು ಅಡಿ ಆಳದ, 15ರಿಂದ 20 ಲೀಟರ್ ಮಣ್ಣು ಹಿಡಿಯುವ ಕುಂಡ ಅಥವಾ ಗ್ರೋಬ್ಯಾಗ್ ಬೇಕು. ಕೆಂಪುಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಇವು ಮೂರನ್ನೂ ಸಮಪಾಲು ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಹಾಕಿದರೆ ಸಾಕು. ಬೇವಿನ ಹಿಂಡಿ ಗೊಬ್ಬರವೂ ಹೌದು, ಬೇರುಗಂಟು ಮಾಡುವ ಜಂತುಹುಳುವಿಗೆ ತಡೆಯೂ ಹೌದು. ತಿಂಗಳಾದ ಮೇಲೆ ಬುಡಕ್ಕೆ ಇನ್ನೊಂದು ಬೊಗಸೆ ಗೊಬ್ಬರ ಕೊಟ್ಟು ಮಣ್ಣು ಏರಿಸಬೇಕು. ಗಿಡ ಕಡುಹಸಿರಾಗಿ ಎಲೆಯನ್ನೇ ಬಿಡುತ್ತಾ ಹೂ ತಡಮಾಡಿದರೆ ಸಾರಜನಕ ಹೆಚ್ಚಾಗಿದೆ ಎಂದು ಅರ್ಥ. ಯೂರಿಯಾ ಸುರಿದ ಗಿಡದ ಎಲೆ ಮೆತ್ತಗಾಗಿ, ರಸ ಹೀರುವ ಹುಳುಗಳಿಗೆ ಹಬ್ಬವಾಗುತ್ತದೆ. ಕುಂಡದ ಗಿಡಕ್ಕೆ ಬೇಸಿಗೆಯಲ್ಲಿ ದಿನವೂ ನೀರು ಬೇಕು. ನೆಲದಲ್ಲಿದ್ದರೆ ಮೂರು ದಿನಕ್ಕೊಮ್ಮೆ ಕೊಟ್ಟರೂ ನಡೆದೀತು, ಏಕೆಂದರೆ ತಾಯಿಬೇರು ತನ್ನ ಪಾಡಿಗೆ ಆಳದ ತೇವ ಹುಡುಕಿಕೊಳ್ಳುತ್ತದೆ.

ಮನೆತೋಟದವರನ್ನು ಹೆಚ್ಚು ಕಾಡುವುದು ಮೇಲೆ ಹೇಳಿದ ಹಳದಿ ನಂಜೇ. ಇದು ಬೀಜದಿಂದ ಬರುವುದಿಲ್ಲ, ಕತ್ತಿಯಿಂದಲೂ ಕೈಯಿಂದಲೂ ಹರಡುವುದಿಲ್ಲ. ಬಿಳಿನೊಣ ಒಂದು ಗಿಡದ ರಸ ಹೀರಿ ಇನ್ನೊಂದರ ಮೇಲೆ ಕೂತಾಗ ವೈರಸ್ಸು ದಾಟುತ್ತದೆ. ರೋಗ ಹತ್ತಿದ ಗಿಡಕ್ಕೆ ಔಷಧಿಯಿಲ್ಲ. ಎಷ್ಟೇ ಮರುಕವಿದ್ದರೂ ಮೊದಲ ಹಳದಿ ನರ ಕಂಡ ದಿನವೇ ಆ ಗಿಡವನ್ನು ಕಿತ್ತುಹಾಕುವುದು ಉಳಿದ ಗಿಡಗಳನ್ನು ಕಾಪಾಡುವ ದಾರಿ. ನೊಣಕ್ಕೆ ಗಿಡಗಳ ಎತ್ತರದಲ್ಲಿ ಹಳದಿ ಅಂಟುಹಾಳೆ ಕಟ್ಟಬೇಕು. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜ ಜಜ್ಜಿ ರಾತ್ರಿಯಿಡೀ ನೆನೆಸಿ ಸೋಸಿದ ಕಷಾಯವನ್ನು, ಅಥವಾ ಹೆಸರಘಟ್ಟದ ಸಂಸ್ಥೆಯೇ ರೂಪಿಸಿದ ಬೇವಿನ ಸಾಬೂನಿನ ದ್ರಾವಣವನ್ನು ಎಲೆಯ ಅಡಿಭಾಗಕ್ಕೆ ತಾಗುವಂತೆ ಸಂಜೆ ಸಿಂಪಡಿಸಬೇಕು. ಎಲೆಯ ಮೇಲ್ಭಾಗ ತೊಯ್ದು ಬಂದರೆ ಪ್ರಯೋಜನವಿಲ್ಲ. ಬಿಳಿನೊಣ, ಜಿಗಿಹುಳು, ಸಸ್ಯಹೇನು ಮೂರೂ ಕೂರುವುದು ಅಡಿಯಲ್ಲೇ.

ಸುಳಿ ಇದ್ದಕ್ಕಿದ್ದಂತೆ ಬಾಗಿ ಬಾಡಿದರೆ ಒಳಗೆ ಕಾಯಿಕೊರಕದ ಹುಳು ಇದೆ. ಆ ತುದಿಯನ್ನು ಚಿವುಟಿ ನಾಶಮಾಡಬೇಕು. ತೂತು ಬಿದ್ದ ಕಾಯಿಯನ್ನೂ ಗಿಡದ ಮೇಲೆ ಬಿಡಬಾರದು. ಹತ್ತಿಯ ಕಾಯನ್ನು ಕೊರೆಯುವುದೂ ಇದೇ ಹುಳು, ಹಾಗಾಗಿ ಹತ್ತಿ ಬೆಳೆಯುವ ಊರುಗಳಲ್ಲಿ ಕಾಟ ಹೆಚ್ಚು. ಚಳಿಗಾಲದ ಕೊನೆಯಲ್ಲಿ ಎಲೆಯ ಮೇಲೆ ಬೂದಿ ಎರಚಿದಂತೆ ಕಾಣುವ ಬೂದಿರೋಗ ಬರುತ್ತದೆ. ಅಷ್ಟು ಹೊತ್ತಿಗೆ ಗಿಡಕ್ಕೂ ವಯಸ್ಸಾಗಿರುತ್ತದೆ.

ಕೊಯ್ಲು

ಬಿತ್ತಿದ 45ರಿಂದ 50 ದಿನಕ್ಕೆ ಮೊದಲ ಕಾಯಿ. ಅಲ್ಲಿಂದ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಇದರಲ್ಲಿ ಸಡಿಲು ಬಿಟ್ಟವರಿಗೆ ಬೆಂಡೆ ಒಲಿಯುವುದಿಲ್ಲ. ಒಂದು ಕಾಯಿ ಗಿಡದ ಮೇಲೆ ಬಲಿಯತೊಡಗಿದರೆ ಗಿಡ ತನ್ನ ಶಕ್ತಿಯನ್ನೆಲ್ಲ ಅದರ ಬೀಜಕ್ಕೆ ಕೊಟ್ಟು, ಹೊಸ ಹೂ ಬಿಡುವುದನ್ನು ನಿಧಾನ ಮಾಡುತ್ತದೆ. ಊರಿಗೆ ಹೋಗಿ ಒಂದು ವಾರ ಬಿಟ್ಟು ಬಂದರೆ ಗಿಡದ ತುಂಬ ಕೋಲುಗಳಂಥ ಕಾಯಿ ಕಾಣುತ್ತವೆ. ಅವನ್ನೂ ಬಿಡದೆ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿದರೆ ಗಿಡ ಮತ್ತೆ ಹೂವಿಗೆ ತಿರುಗುತ್ತದೆ. ಅಂಗಡಿ ತಳಿಯಾದರೆ ನಾಲ್ಕು ಬೆರಳುದ್ದ ಆದಾಗಲೇ ಕೊಯ್ಯುವುದು ಲೇಸು. ಬೆಳಗಿನ ಹೊತ್ತು, ತೊಟ್ಟನ್ನು ಕತ್ತರಿಯಿಂದ ಕತ್ತರಿಸಬೇಕು, ಜಗ್ಗಿದರೆ ತೊಗಟೆ ಸುಲಿದುಕೊಂಡು ಬರುತ್ತದೆ. ಗಿಡದ ಮೈಯ ಸಣ್ಣ ರೋಮಗಳು ತುರಿಕೆ ತರುತ್ತವೆ, ತುಂಬುತೋಳಿನ ಅಂಗಿ ಹಾಕಿಕೊಳ್ಳುವುದು ಒಳ್ಳೆಯದು.

ಕೊಯ್ದ ಕಾಯಿಯನ್ನು ತೊಳೆಯದೆ, ಒಣಗಿದ ಬಟ್ಟೆಚೀಲದಲ್ಲೋ ಕಾಗದದಲ್ಲೋ ಸುತ್ತಿಟ್ಟರೆ ಎರಡು ಮೂರು ದಿನ ಇರುತ್ತದೆ. ಫ್ರಿಜ್ಜಿನ ತೀರಾ ತಣ್ಣಗಿನ ಮೂಲೆಯಲ್ಲಿಟ್ಟರೆ ಬೆಂಡೆಗೆ ಚಳಿಯ ಪೆಟ್ಟು ಬಿದ್ದು ಕಪ್ಪು ಕಲೆ ಮೂಡುತ್ತದೆ.

ಲೋಳೆ

ಬೆಂಡೆಯನ್ನು ಬೇಡವೆನ್ನುವವರೆಲ್ಲ ಹೇಳುವ ಕಾರಣ ಲೋಳೆ. ಕೆಲವು ಸಕ್ಕರೆಗಳ ಉದ್ದನೆಯ ಸರಪಳಿಗಳಿಂದಾದ ಅಂಟು ಅದು. ಕಾಯಿಯೊಳಗೆ ಇರುವಾಗ ಸುಮ್ಮನಿರುತ್ತದೆ, ಹೆಚ್ಚಿದ ಮೇಲೆ ನೀರು ಸಿಕ್ಕಿದರೆ ಹೀರಿಕೊಂಡು ಉಬ್ಬಿ ನೂಲುನೂಲಾಗುತ್ತದೆ. ಅಡುಗೆಮನೆಯ ಎಲ್ಲ ಉಪಾಯಗಳೂ ಈ ಒಂದು ಸಂಗತಿಯಿಂದಲೇ ಹುಟ್ಟಿದವು. ಇಡೀ ಕಾಯಿಯನ್ನು ತೊಳೆದು, ಬಟ್ಟೆಯಿಂದ ಒರೆಸಿ, ಗಾಳಿಗೆ ಆರಿಸಿ, ಆಮೇಲೆ ಹೆಚ್ಚಬೇಕು. ಹೋಳು ಸಣ್ಣದಾದಷ್ಟೂ ಲೋಳೆ ಹೆಚ್ಚು. ಅಗಲವಾದ ಬಾಣಲೆಯಲ್ಲಿ, ಕಾದ ಎಣ್ಣೆಯಲ್ಲಿ, ಮುಚ್ಚಳ ಮುಚ್ಚದೆ ಹುರಿಯಬೇಕು. ಮುಚ್ಚಿದರೆ ಹಬೆಯ ನೀರು ಮತ್ತೆ ಹೋಳಿಗೇ ಇಳಿಯುತ್ತದೆ. ಉಪ್ಪನ್ನು ಕೊನೆಗೆ ಹಾಕಬೇಕು, ಮೊದಲೇ ಹಾಕಿದರೆ ಕಾಯಿ ನೀರು ಬಿಡುತ್ತದೆ. ಇವೆಲ್ಲಕ್ಕಿಂತ ಬಲವಾದದ್ದು ಹುಳಿ. ಹುಣಸೆ, ಮೊಸರು, ನಿಂಬೆ, ಟೊಮ್ಯಾಟೊ ಯಾವುದೇ ಇರಲಿ, ಹುಳಿ ತಾಗಿದ ಕೂಡಲೇ ಲೋಳೆಯ ನೂಲು ಸಡಿಲವಾಗುತ್ತದೆ. ಕನ್ನಡನಾಡಿನ ಬೆಂಡೆಯ ಅಡುಗೆಗಳಲ್ಲಿ ಹೆಚ್ಚಿನವು ಹುಳಿ ಸೇರಿದವು ಎಂಬುದು ಆಕಸ್ಮಿಕವಲ್ಲ ಎಂದೇ ನನ್ನ ಅಭಿಪ್ರಾಯ. ಕಬ್ಬಿಣದ ಬಾಣಲೆಯಲ್ಲಿ ಬೆಂಡೆ ಕಪ್ಪಗಾಗುತ್ತದೆ. ಅದರಿಂದ ಕೆಡುಕಿಲ್ಲ, ನೋಟ ಮಾತ್ರ ಕೆಡುತ್ತದೆ.

ಜಗತ್ತಿನ ಇನ್ನರ್ಧಕ್ಕೆ ಈ ಲೋಳೆಯೇ ಬೇಕಾದದ್ದು. ಪಶ್ಚಿಮ ಆಫ್ರಿಕದಲ್ಲಿ ಬೆಂಡೆಯನ್ನು ಸಣ್ಣಗೆ ತುರಿದೋ ಕೊಚ್ಚಿಯೋ ಬೇಕೆಂದೇ ನೂಲು ಬರಿಸಿ, ಗೆಣಸು ಮರಗೆಣಸುಗಳ ಮುದ್ದೆಯನ್ನು ಅದರಲ್ಲಿ ಅದ್ದಿ ನುಂಗುತ್ತಾರೆ. ನಮ್ಮ ರಾಗಿಮುದ್ದೆ ಉಣ್ಣುವವರಿಗೆ ಆ ಊಟದ ಕ್ರಮ ಅಪರಿಚಿತ ಎನಿಸದು. ಅಮೆರಿಕದ ಲೂಯಿಸಿಯಾನದ ಗಂಬೊ ಎಂಬ ಸಾರು ಹಲವೊಮ್ಮೆ ಮಂದವಾಗುವುದು ಬೆಂಡೆಯ ಅಂಟಿನಿಂದ. ಜಪಾನಿನಲ್ಲಿ ಬಿಸಿನೀರಿಗೆ ಅದ್ದಿ ತೆಗೆದ ಬೆಂಡೆಯನ್ನು ಸೋಯಾ ಸಾಸ್ ಹಾಕಿ ಲೋಳೆಸಮೇತ ತಿನ್ನುತ್ತಾರೆ. ತುರ್ಕಿಯಲ್ಲಿ ಬೆರಳ ತುದಿಯಷ್ಟೇ ಇರುವ ಕಾಯಿಗಳನ್ನು ದಾರಕ್ಕೆ ಪೋಣಿಸಿ ಒಣಗಿಸಿಟ್ಟು ಚಳಿಗಾಲಕ್ಕೆ ಸಾರು ಮಾಡುತ್ತಾರೆ.

ಕನ್ನಡನಾಡಿನ ಅಡುಗೆಗಳು

ಹಳೆ ಮೈಸೂರಿನ ಕಡೆಯ ಬೆಂಡೆಕಾಯಿ ಗೊಜ್ಜು ಬೆಂಡೆಯ ಗುಣವನ್ನು ಪೂರ್ತಿ ಬಲ್ಲವರು ಕಂಡುಕೊಂಡ ಅಡುಗೆ. ಕಾಲು ಕಿಲೋ ಎಳೆ ಬೆಂಡೆಯನ್ನು ಅರ್ಧ ಬೆರಳುದ್ದಕ್ಕೆ ಹೆಚ್ಚಿ, ಮೂರು ದೊಡ್ಡ ಚಮಚ ಎಣ್ಣೆಯಲ್ಲಿ ಅಂಚು ಕಂದುವವರೆಗೆ ಹುರಿದಿಡಬೇಕು. ಒಂದೊಂದು ಚಮಚ ಕಡಲೆಬೇಳೆ, ಉದ್ದಿನಬೇಳೆ, ಎಳ್ಳು, ಕಾಲು ಚಮಚ ಮೆಂತ್ಯ, ಐದಾರು ಬ್ಯಾಡಗಿ ಮೆಣಸಿನಕಾಯಿ ಬೇರೆಬೇರೆಯಾಗಿ ಹುರಿದು, ಎರಡು ಚಮಚ ಒಣಕೊಬ್ಬರಿ ಸೇರಿಸಿ ಪುಡಿ ಮಾಡಬೇಕು. ಮೆಂತ್ಯ ಕಪ್ಪಾದರೆ ಇಡೀ ಗೊಜ್ಜು ಕಹಿ. ನಿಂಬೆಗಾತ್ರದ ಹುಣಸೆಯ ರಸಕ್ಕೆ ಉಪ್ಪು, ಅಷ್ಟೇ ಗಾತ್ರದ ಬೆಲ್ಲ ಹಾಕಿ, ಹಸಿವಾಸನೆ ಹೋಗುವವರೆಗೆ ಕುದಿಸಿ, ಪುಡಿ ಕದಡಿ, ಕೊನೆಗೆ ಹೋಳು ಹಾಕಿ ಐದು ನಿಮಿಷ ಇಟ್ಟರೆ ಸಾಕು. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಹೋಳನ್ನು ಮೊದಲೇ ಹಾಕಿ ಕುದಿಸಿದರೆ ಕಾಯಿ ಕರಗಿ ಬೀಜ ಮಾತ್ರ ತೇಲುತ್ತದೆ. ಮಾಡಿದ ದಿನಕ್ಕಿಂತ ಮರುದಿನ ಇದರ ರುಚಿ ಹೆಚ್ಚು.

ಮಲೆನಾಡಿನಲ್ಲಿ ಸಾಸಿವೆ ಎಂದೇ ಕರೆಯುವ ಅಡುಗೆ ಇದಕ್ಕೆ ವಿರುದ್ಧ, ಅದರಲ್ಲಿ ಕುದಿಸುವ ಮಾತೇ ಇಲ್ಲ. ಬಿಲ್ಲೆಯಾಗಿ ಹೆಚ್ಚಿದ ಬೆಂಡೆಯನ್ನು ಗರಿಗರಿಯಾಗುವಂತೆ ಹುರಿದು ಆರಿಸಿ, ತೆಂಗಿನತುರಿ, ಹಸಿ ಸಾಸಿವೆ, ಮೆಣಸಿನಕಾಯಿ ರುಬ್ಬಿ ಮೊಸರಿಗೆ ಬೆರೆಸಿ, ಊಟಕ್ಕೆ ಕೂರುವ ಹೊತ್ತಿಗೆ ಹೋಳು ಸೇರಿಸುತ್ತಾರೆ. ಅರ್ಧ ಗಂಟೆ ಮೊದಲೇ ಸೇರಿಸಿದರೆ ಗರಿ ಹೋಗುತ್ತದೆ. ಕರಾವಳಿಯ ಊರ ಬೆಂಡೆಯನ್ನು ಮಾತ್ರ ಉದ್ದುದ್ದ ಹೋಳು ಮಾಡಿ ತೆಂಗಿನಕಾಯಿ ಅರೆದ ಹುಳಿಗೆ ನೇರವಾಗಿ ಹಾಕುತ್ತಾರೆ. ಕೊಂಕಣಿಗರ ಮನೆಗಳಲ್ಲಿ ತೆಂಗು, ಕೊತ್ತಂಬರಿ, ಹುಣಸೆ ಅರೆದ ಮಸಾಲೆಯಲ್ಲಿ ಬೆಂಡೆ ಬೇಯುತ್ತದೆ.

ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಬೆಂಡೆಯನ್ನು ಬದನೆಯ ಎಣ್ಣೆಗಾಯಿಯಂತೆ ಉದ್ದಕ್ಕೆ ಸೀಳಿ ತುಂಬುತ್ತಾರೆ. ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ, ಖಾರದ ಪುಡಿ, ಚೂರು ಹುಣಸೆ ಮತ್ತು ಬೆಲ್ಲ ಕುಟ್ಟಿದ ಆ ತುಂಬಣ ಒಳಗಿನ ತೇವವನ್ನೆಲ್ಲ ಹೀರಿಕೊಳ್ಳುವುದರಿಂದ ಲೋಳೆಯ ಸುಳಿವೇ ಇರುವುದಿಲ್ಲ. ಬಿಸಿ ಜೋಳದ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೊತೆ ಹುಡುಕುವುದು ಕಷ್ಟ. ಕಾಯಿ ಹೆಚ್ಚಾದ ದಿನಗಳಲ್ಲಿ ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ, ಬಾಳಕದಂತೆ ಕರಿದು ತಿನ್ನುವುದೂ ಉಂಟು.

ಆಹಾರವಾಗಿ ಬೆಂಡೆ ಹಗುರ. 100 ಗ್ರಾಂ ಹಸಿಕಾಯಿಯಲ್ಲಿ ಸುಮಾರು 90 ಗ್ರಾಂ ನೀರು, 3 ಗ್ರಾಂ ನಾರು, 33 ಕಿಲೋಕ್ಯಾಲರಿ, 80 ಮಿಲಿಗ್ರಾಂ ಕ್ಯಾಲ್ಸಿಯಂ, 20 ಮಿಲಿಗ್ರಾಂಗೂ ಮಿಕ್ಕ ಸಿ ಜೀವಸತ್ವ, ಗರ್ಭಿಣಿಯರಿಗೆ ಬೇಕಾದ ಫೋಲೇಟ್ 60 ಮೈಕ್ರೋಗ್ರಾಂ ಇವೆ. ಬೆಂಡೆ ತಿಂದರೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಅಮ್ಮಂದಿರು ಮಕ್ಕಳಿಗೆ ಹೇಳುವ ಮಾತಿಗೆ ಆಧಾರವಿಲ್ಲ, ಆದರೆ ಆ ಮಾತಿನಿಂದ ಎಷ್ಟೋ ತಟ್ಟೆಗಳು ಖಾಲಿಯಾಗಿವೆ. ಬೆಂಡೆ ನೆನೆಸಿದ ನೀರು ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬ ಪ್ರಚಾರ ಹಾಗಲ್ಲ, ಅದು ಅಪಾಯಕಾರಿ. ಆ ನೀರನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಡಬಾರದು.

ಲೋಳೆಗೆ ಅಡುಗೆಮನೆಯ ಆಚೆಯೂ ಕೆಲಸವಿದೆ. ಆಲೆಮನೆಯಲ್ಲಿ ಬೆಂಡೆಗಿಡದ ಕಾಂಡ, ಬೇರುಗಳನ್ನು ಜಜ್ಜಿ ನೀರಿನಲ್ಲಿ ಕಿವುಚಿ, ಆ ಅಂಟುನೀರನ್ನು ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಸುರಿಯುತ್ತಾರೆ. ಕಸರೆಲ್ಲ ಅಂಟಿಗೆ ಸಿಕ್ಕಿ ಮೇಲೆ ತೇಲಿ ಬರುತ್ತದೆ, ಅದನ್ನು ಜಾಲರಿಯಿಂದ ತೆಗೆದು ಚೆಲ್ಲುತ್ತಾರೆ. ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬೆಲ್ಲವನ್ನು ಬೆಳ್ಳಗೆ ಮಾಡುವ ಕಾಲದಲ್ಲಿ, ಬೆಂಡೆ ಹಾಕಿದ ಕಂದುಬೆಲ್ಲವನ್ನು ಕೇಳಿ ಕೊಳ್ಳುವುದು ಒಳ್ಳೆಯದು.

ಬೀಜ

ಹೈಬ್ರಿಡ್ ಎಂದು ಮಾರುವ ಸಂಕರ ತಳಿಯ ಪೊಟ್ಟಣದಿಂದ ಬೆಳೆದ ಗಿಡದ ಬೀಜ ಇಟ್ಟು ಉಪಯೋಗವಿಲ್ಲ, ಮರುವರ್ಷ ತಾಯಿಯ ಗುಣ ಬರುವುದಿಲ್ಲ. ಸಂಕರದಿಂದ ಹುಟ್ಟಿದರೂ ಗುಣ ಸ್ಥಿರವಾಗಿರುವ ಅರ್ಕಾ ಅನಾಮಿಕಾದಂಥ ತಳಿ, ಊರ ಬೆಂಡೆ, ಹಾಲುಬೆಂಡೆ ಇವುಗಳ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಬೆಂಡೆ ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಳ್ಳುತ್ತದೆ, ಆದರೂ ಜೇನು ಬಂದು ಬೆರಕೆ ಮಾಡುವುದುಂಟು. ಎರಡು ಬಗೆಯ ಬೆಂಡೆ ಅಕ್ಕಪಕ್ಕ ಇದ್ದರೆ, ನಾಳೆ ಅರಳಲಿರುವ ಮೊಗ್ಗಿಗೆ ಇಂದು ಸಂಜೆಯೇ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಬಣ್ಣದ ದಾರ ಕಟ್ಟಿ ಗುರುತಿಡಬೇಕು. ನಂಜು ಹತ್ತದ, ಮೊದಲಿನಿಂದಲೂ ಚೆನ್ನಾಗಿ ಬಿಟ್ಟ ಗಿಡವನ್ನೇ ಇದಕ್ಕೆ ಆರಿಸಬೇಕು. ಹೂ ಬಿಟ್ಟ ತಿಂಗಳು ಕಳೆದ ಮೇಲೆ ಕಾಯಿ ಕಂದಾಗಿ ಏಣುಗಳಲ್ಲಿ ಬಿರಿಯತೊಡಗುತ್ತದೆ. ಆಗ ಕೊಯ್ದು, ನೆರಳಲ್ಲಿ ವಾರ ಒಣಗಿಸಿ, ಬೂದಿ ಬೆರೆಸಿ ಗಾಜಿನ ಶೀಶೆಯಲ್ಲಿಟ್ಟರೆ ಎರಡು ವರ್ಷ ಮೊಳೆಯುವ ಶಕ್ತಿ ಉಳಿಯುತ್ತದೆ.

ಊರ ಬೆಂಡೆಯ ಬೀಜ ಅಂಗಡಿಯ ಪೊಟ್ಟಣಗಳಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಅಜ್ಜಿಯ ಮನೆಯಲ್ಲೋ ಅತ್ತೆಯ ಊರಲ್ಲೋ ಯಾರ ಹತ್ತಿರವಾದರೂ ಇದ್ದರೆ ಕೇಳಿ ತನ್ನಿ, ಈ ಮಳೆಗಾಲಕ್ಕೇ ಬಿತ್ತಿ, ಒಳ್ಳೆಯ ಗಿಡದ ಒಂದು ಕಾಯಿಯನ್ನು ಕೊಯ್ಯದೆ ಬಿಡಿ. ಬಲಿತ ಒಂದು ಕಾಯಲ್ಲಿ 50ರ ಸುಮಾರು ಬೀಜ ಇರುತ್ತವೆ. ಅಷ್ಟು ಬೀಜ ಮುಂದಿನ ವರ್ಷದ ನಿಮ್ಮ ಮಡಿಗೂ ಪಕ್ಕದ ಮನೆಯವರ ಮಡಿಗೂ ಸಾಕು.